ಏಣಿ ಮುರಿಯುವ ಕೆಲಸ

ಒಂದು ಊರಿನ ತುದಿಯಲ್ಲಿ ಪ್ರಾಣಿಗಳ ಏಣಿ ಕಾರ್ಖಾನೆಯಿತ್ತು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ಸದ್ಯ, ನಮ್ಮದಲ್ಲ ಎಂದು ನಿಟ್ಟುಸಿರು ಬಿಟ್ಟಾರು.

ಅಲ್ಲಿ ಇಲಿಗಳು ಬಿದಿರು ಕತ್ತರಿಸುತ್ತಿದ್ದವು. ಮರಕುಟಿಗ ತೂತು ಕೊರೆಯುತ್ತಿದ್ದ. ಗೀಜುಗ ಮೆಟ್ಟಿಲುಗಳನ್ನು ತೂರಿಸಿ ನಾರಿನ ಹಗ್ಗದಿಂದ ಬಿಗಿಯುತ್ತಿದ್ದ. ಸಾಲಿನ ಕೊನೆಯಲ್ಲಿ ಕರಿಯವ್ವ ಎಂಬ ಎಮ್ಮೆ. ತಯಾರಾದ ಪ್ರತಿ ಏಣಿಯನ್ನೂ ಅವಳು ಹತ್ತಬೇಕು. ತಡೆದುಕೊಂಡರೆ ಏಣಿ ಪೇಟೆಗೆ, ಮುರಿದರೆ ಮತ್ತೆ ಮರಕುಟಿಗನ ಬಳಿಗೆ. ಹತ್ತು ವರ್ಷಗಳಲ್ಲಿ ಅವಳು ಎಷ್ಟು ಸಲ ಬಿದ್ದಳೋ ಅವಳಿಗೇ ನೆನಪಿಲ್ಲ. ಆದರೆ ಆ ಕಾರ್ಖಾನೆಯ ಏಣಿಯಿಂದ ಬೇರೆ ಯಾರೂ ಬಿದ್ದಿರಲಿಲ್ಲ.

ಮರಕುಟಿಗನಿಗೆ ಯಾವಾಗಲೂ ಅವಸರ. ತೂತನ್ನು ಬಿದಿರಿನ ಅಂಚಿಗೇ ಕೊರೆದುಬಿಡುತ್ತಿದ್ದ. ಮಾಡಿದ ಕೆಲಸ ವಾಪಸು ಬಂದಾಗಲೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಮ್ಯಾನೇಜರ್ ನರಿಯಪ್ಪನ ಮುಂದೆ ನಿಂತ.

"ನಾವು ಮಾಡ್ತೀವಿ, ಈಯಮ್ಮ ಮುರೀತಾಳೆ. ಇದೂ ಒಂದು ಕೆಲಸವಾ ಸಾರ್?"

ನರಿಯಪ್ಪ ಗೋಡೆಯ ಮೇಲಿನ ಪಟ್ಟಿ ನೋಡಿದ. ಹೌದು, ಮುರಿದ ಏಣಿಗಳೆಲ್ಲ ಒಬ್ಬಳ ಕಾಲಡಿಯಲ್ಲೇ ಮುರಿದಿದ್ದವು. ಓದಿದವನಲ್ಲವೇ, ಕಾರಣ ಥಟ್ಟನೆ ಹೊಳೆಯಿತು. ಕರಿಯವ್ವನನ್ನು ಕರೆಸಿದ.

"ನಾಳೆಯಿಂದ ನೀನು ಬಿದಿರು ಹೊರು. ಏಣಿ ಹತ್ತೋಕೆ ಅಳಿಲನ್ನ ಹಾಕಿದ್ದೀನಿ."

"ಅಳಿಲು ಹತ್ತಿದ್ರೆ ಹುಲ್ಲುಕಡ್ಡಿನೂ ಮುರಿಯಲ್ಲ ಸಾಹೇಬ್ರೆ."

"ಅದಕ್ಕೇ ಹಾಕಿದ್ದು."

ಅಳಿಲು ದಿನಕ್ಕೆ ನೂರು ಏಣಿ ಹತ್ತಿ ಇಳಿಯಿತು. ಒಂದೂ ಮುರಿಯಲಿಲ್ಲ. ಪಟ್ಟಿಯಲ್ಲಿ ಸೊನ್ನೆ ಬಂತು, ಕಾರ್ಖಾನೆಯಲ್ಲಿ ಮೈಸೂರುಪಾಕು ಹಂಚಿದರು. ಅದೇ ವಾರ ಜೇನಿಗೆಂದು ಏಣಿ ಹತ್ತಿದ ಕರಡಿಯೊಂದು ಬಿದ್ದು ಸೊಂಟ ಮುರಿದುಕೊಂಡಿತು. "ಏಣಿಯಲ್ಲಿ ದೋಷವಿಲ್ಲ, ಕರಡಿಗೆ ದುರಾಸೆ" ಎಂದು ನರಿಯಪ್ಪ ವರದಿ ಬರೆದ.

ಕರಡಿಯ ಸುದ್ದಿ ಕೇಳಿದ ದಿನ ಕರಿಯವ್ವ ಮೇವು ಮುಟ್ಟಲಿಲ್ಲ. ಮರುದಿನ ಬೆನ್ನ ಮೇಲೆ ಬಿದಿರಿನ ಹೊರೆ ಹೊತ್ತುಕೊಂಡೇ ಮ್ಯಾನೇಜರ್ ಬಾಗಿಲಿಗೆ ಬಂದಳು. "ಒಂದು ಏಣಿ ಹತ್ತಿ ನೋಡ್ಲಾ?" ನರಿಯಪ್ಪ ಗದರಿಸಿ ಕಳಿಸಿದ. ಅದರ ಮರುದಿನವೂ ಬಂದಳು. ಎಂಟು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಎಲ್ಲರೂ ನಕ್ಕರು. ನನಗಂತೂ ಅವಳ ಮೊಂಡುತನದ ಮೇಲೆ ಪ್ರೀತಿ.

ವಾರ್ಷಿಕೋತ್ಸವಕ್ಕೆ ಮಾಲೀಕರಾದ ಸಿಂಹಧಣಿಗಳು ಬಂದರು. ಏಣಿ ಹತ್ತಿ ಹೊಸ ನಾಮಫಲಕದ ಪರದೆ ಸರಿಸುವುದು ಕಾರ್ಯಕ್ರಮ. ಧಣಿಗಳು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು, ನಿಂತರು.

"ಇದನ್ನ ಯಾರು ಹತ್ತಿ ನೋಡಿದಾರೆ?"

"ನಮ್ಮ ಅಳಿಲು, ಧಣಿ."

ಧಣಿಗಳು ಅಳಿಲನ್ನು ನೋಡಿದರು. ಆಮೇಲೆ ತಮ್ಮ ಹೊಟ್ಟೆಯನ್ನು ನೋಡಿಕೊಂಡು ಕಾಲು ಕೆಳಗಿಟ್ಟರು.

"ಮೊದಲು ಒಂದು ಎಮ್ಮೆ ಇತ್ತಲ್ಲ, ಕರೀರಿ."

ಕರಿಯವ್ವ ಹೊರೆ ಇಳಿಸಿ ಬಂದಳು. ಮೊದಲ ಏಣಿ ಮುರಿಯಿತು. ಎರಡನೆಯದೂ ಮುರಿಯಿತು. ಆರನೆಯದು ಮುರಿದಾಗ ಮಂಡಿಯಿಂದ ರಕ್ತ ಸೋರುತ್ತಿತ್ತು. ಎದ್ದು ಮೈ ಕೊಡವಿಕೊಂಡು ಏಳನೆಯದನ್ನು ಹತ್ತಿದಳು. ಅದು ತಡೆಯಿತು.

ಧಣಿಗಳು ಅದೇ ಏಣಿ ಹತ್ತಿ ಪರದೆ ಸರಿಸಿ, ಸುರಕ್ಷಿತವಾಗಿ ಇಳಿದು, ಭಾಷಣ ಮಾಡಿದರು. ಎಂಟು ತಿಂಗಳು ಒಂದೂ ಏಣಿ ಮುರಿಯದಂತೆ ದುಡಿದ ಅಳಿಲಿಗೆ ಪದಕ ತೊಡಿಸಿದರು. ಚಪ್ಪಾಳೆ ಮುಗಿದ ಮೇಲೆ ನರಿಯಪ್ಪ ಕರಿಯವ್ವನ ಕೈಗೊಂದು ನೋಟೀಸು ಕೊಟ್ಟ: ಒಂದೇ ದಿನ ಕಾರ್ಖಾನೆಯ ಆರು ಏಣಿ ಮುರಿದದ್ದಕ್ಕೆ ಕೂಡಲೇ ಕಾರಣ ತಿಳಿಸತಕ್ಕದ್ದು.

"ನಂಗೆ ಬರೆಯೋಕೆ ಬರಲ್ಲ ಸಾಹೇಬ್ರೆ," ಎಂದಳು ಕರಿಯವ್ವ. "ತೋರಿಸ್ತೀನಿ."

ಎಂಟನೆಯ ಏಣಿಗೆ ಕಾಲಿಟ್ಟಳು.