ಗುರವ್ವನ ಸೀತನಿ ಜೋಳ

ಗಾಜಿನ ಮನೆಯೊಳಗಿನ ಕಾವು ಒಲೆಯ ಬಾಯಿಗೆ ಮುಖ ಕೊಟ್ಟಂತೆ ಹೊಡೆಯುತ್ತಿತ್ತು. ವಸಂತಾ ಸ್ಟೂಲಿನ ಮೇಲೆ ಕುಳಿತು, ಜೋಳದ ಒಂದೊಂದೇ ಹೂವಿನಿಂದ ಗಂಡುಕೇಸರವನ್ನು ಚಿಮಟದಲ್ಲಿ ಕಿತ್ತು ತೆಗೆಯುತ್ತಿದ್ದಳು. ಒಂದು ಉಳಿದರೂ ತೆನೆ ತನ್ನ ಪರಾಗದಿಂದಲೇ ಕಾಳು ಕಟ್ಟಿಬಿಡುತ್ತದೆ. ಬೇರೆ ತಳಿಯೊಡನೆ ಕೂಡಿಸಲು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಕಣ್ಣು ಉರಿಯುತ್ತಿದ್ದವು, ಕುತ್ತಿಗೆ ಮರಗಟ್ಟಿತ್ತು.

ಕೆಲಸ ಮುಗಿದ ತೆನೆಗಳಿಗೆ ಕಂದು ಕಾಗದದ ಚೀಲ ತೊಡಿಸಿದ್ದಳು. ಸಾಲುಸಾಲಾಗಿ ನಿಂತ ಅವು ತಲೆ ತುಂಬ ಸೆರಗು ಹೊದ್ದ ಹೆಂಗಸರಂತೆ ಕಾಣುತ್ತಿದ್ದವು. ಫ್ಯಾನಿನ ಗಾಳಿಗೆ ಚೀಲಗಳು ಸರಸರ ಅಂದವು.

"ನನ್ನ ಬೀಜ ಎಲ್ಲೈತವ್ವಾ?"

ವಸಂತಾ ತಿರುಗಿ ನೋಡಲಿಲ್ಲ. ಯಾರೂ ಇರುವುದಿಲ್ಲ ಎಂದು ಅವಳಿಗೆ ಗೊತ್ತು. ಕೇಳಿದ್ದು ಗುರವ್ವ, ಅವಳನ್ನು ಸಾಕಿದ ಅಜ್ಜಿ. ಸತ್ತು ಮಣ್ಣಾಗಿ ವರ್ಷವಾಗುತ್ತ ಬಂದಿತ್ತು. ವಸಂತಾ ಮಣ್ಣಿಗೂ ಹೋಗಿರಲಿಲ್ಲ. ಊರಿಗೆ ಹೋದರೆ ತಿರುಗಿ ಈ ದೇಶದೊಳಗೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆ.

ಟೆಕ್ಸಾಸಿನ ಸೈಪ್ರೆಸ್ ಊರಿನ ಅಂಚಿನ ಈ ಗಾಜಿನ ಮನೆ ಮೈಸೂರಿನ ವಿಶ್ವಾಸನದು. ಸಾಫ್ಟ್‌ವೇರ್ ಬಿಟ್ಟು ಬೀಜದ ಕಂಪನಿ ತೆರೆದಿದ್ದ. ವಸಂತಾ ಗದಗದ ಕಡೆಯವಳು, ಟೆಕ್ಸಾಸಿಗೆ ಬಂದು ಬೆಳೆ ಸುಧಾರಣೆ ಓದಿದವಳು. ಓದು ಮುಗಿದ ಮೇಲೆ ಇಲ್ಲಿ ಉಳಿಯಬೇಕಾದರೆ ಎಲ್ಲಾದರೂ ಕೆಲಸದಲ್ಲಿರಬೇಕು, ಸಂಬಳವಿಲ್ಲದಿದ್ದರೂ ನಡೆಯುತ್ತದೆ. ಈ ಸಂದು ವಿಶ್ವಾಸನಿಗೆ ಚೆನ್ನಾಗಿ ಗೊತ್ತಿತ್ತು.

"ಸದ್ಯಕ್ಕೆ ವಾಲಂಟಿಯರ್ ಅಂತ ತೋರಿಸೋಣ. ಆಮೇಲೆ ವೀಸಾ ಸ್ಪಾನ್ಸರ್ ಮಾಡೋದು ನನ್ನ ಜವಾಬ್ದಾರಿ. ನಾವು ನಾವೇ ಅಲ್ವಾ?" ಎಂದಿದ್ದ. ಬಿಟ್ಟಿ ಚಾಕರಿಗೆ ಇಂಗ್ಲಿಷಿನಲ್ಲಿ ಎಂಥ ಚೆಂದದ ಹೆಸರು!

ಗುರವ್ವ ಕೂಲಿ ಮಾಡುತ್ತಿದ್ದ ಹೊಲದ ಬದುವಿಗೆ ತನ್ನದೊಂದು ಸಾಲು ಜೋಳ ಹಾಕುತ್ತಿದ್ದಳು. ಕಾಳಿನಲ್ಲಿ ಇನ್ನೂ ಹಾಲಿರುವಾಗಲೇ ತೆನೆ ಮುರಿದು, ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ತಿನ್ನುವ ಸೀತನಿಯ ಜೋಳ. ಅಷ್ಟು ಸಿಹಿ ಸುತ್ತಿನ ಊರುಗಳಲ್ಲಿ ಎಲ್ಲೂ ಇರಲಿಲ್ಲ. ಮೊಮ್ಮಗಳು ಹೊರಟಾಗ ಅದರ ಒಂದು ಹಿಡಿ ಕಾಳನ್ನು ಕಟಕರೊಟ್ಟಿ, ಶೇಂಗಾ ಚಟ್ನಿಯ ನಡುವೆ ಕಟ್ಟಿಕೊಟ್ಟಿದ್ದಳು. ಕಾಳೆಂದರೆ ಬುತ್ತಿ ಎಂದುಕೊಂಡ ವಸಂತಾ ವಿಮಾನ ನಿಲ್ದಾಣದಲ್ಲಿ ಅದನ್ನು ಹೇಳಲೇ ಇಲ್ಲ. ಬೀಜ ತರುವುದು ತಪ್ಪು ಎಂದು ತಿಳಿದದ್ದು ಕಾಲೇಜು ಸೇರಿದ ಮೇಲೆ. ಒಂದು ದಿನ ಹುಡುಗಿ ನಂಬಿಕೆಯಿಂದ ವಿಶ್ವಾಸನಿಗೆ ಇದನ್ನೆಲ್ಲ ಹೇಳಿ, ಕಾಳನ್ನೂ ಅವನ ಕೈಗೆ ಕೊಟ್ಟಳು. ಅವನ ಕಣ್ಣು ಅರಳಿದವು.

ಅವನ ಮಾತಿನಂತೆ, ಕೊಯ್ಲಿನ ಯಂತ್ರಕ್ಕೆ ಸಿಗುವ ಗಿಡ್ಡ ಜೋಳಕ್ಕೂ ಅಜ್ಜಿಯ ಎತ್ತರದ ಜೋಳಕ್ಕೂ ಅವಳೇ ಸಂಬಂಧ ಬೆಳೆಸಿದಳು. ಹುಟ್ಟಿದ ಮೊದಲ ಪೀಳಿಗೆಯಲ್ಲಿ ಸಿಹಿಯೇ ಇಲ್ಲ.

"ಹೋಯ್ತಲ್ಲ!" ಎಂದು ವಿಶ್ವಾಸ್ ಸಿಡುಕಿದ.

"ಸತ್ತಿಲ್ರಿ ಸರ್, ಅಡಗೇತಿ. ಮೊಮ್ಮಕ್ಕಳಾಗ ಬರ್ತೈತಿ."

ಬಂತು. ಮರುಪೀಳಿಗೆಯಲ್ಲಿ ನಾಲ್ಕರಲ್ಲೊಂದು ಗಿಡ ಜೇನಿನಂಥ ಕಾಳು ಹೊತ್ತು ನಿಂತಿತು. ಪುಸ್ತಕದವರು ಇದನ್ನು ದುರ್ಬಲ ಗುಣ ಎನ್ನುತ್ತಾರೆ. ಹೆಸರಿಟ್ಟವರಿಗೆ ಗುರವ್ವನ ಪರಿಚಯವಿರಲಿಲ್ಲ.

ಅದೇ ಹೊತ್ತಿಗೆ ಊರಿನಲ್ಲಿ ಗುರವ್ವನ ಬೀಜದ ಗಡಿಗೆಗೆ ಹುಳ ಬಿತ್ತು. ಫೋನಿನಲ್ಲಿ ಮುದುಕಿ ಅಂದಿದ್ದಳು: "ನಿನಗ ಕೊಟ್ಟಿದ್ರಾಗ ಒಂದು ಚಿಟಿಕಿ ತಿರುಗಿ ಕಳಸವ್ವ. ಹಿಂಗಾರಿಗೆ ಬಿತ್ತೂಣು." ಹಿಂಗಾರಿ ಬರುವ ಮುಂಚೆ ಮುದುಕಿಯೇ ಹೋದಳು. ಅಣ್ಣ ಇರಣ್ಣ ಊರೂರು ಅಲೆದು ಬಂದು, "ಎಲ್ಲೂ ಉಳದಿಲ್ಲವ್ವಾ. ಇದ್ರ ನಿನ್ನ ಹಂತ್ಯಾಕ ಅಷ್ಟ" ಎಂದ.

ಆದರೆ ಅದು ವಸಂತಾಳ ಹತ್ತಿರವೂ ಇರಲಿಲ್ಲ. ವಿಶ್ವಾಸನ ಶೀತಲ ಕೋಣೆಯಲ್ಲಿತ್ತು.

ಅವನು ಬಂದಾಗ ಅವಳು ಚಿಮಟ ಕೆಳಗಿಟ್ಟಳು. "ಸರ್, ಅಜ್ಜಿ ಜ್ವಾಳದ ಅಸಲಿ ಬೀಜ ಒಂದು ಹಿಡಿ ಕೊಡ್ರಿ. ನಮ್ಮೂರಾಗ ಬಿತ್ತಬೇಕು."

"ಅದು ಈಗ ಕಂಪನಿ ಪ್ರಾಪರ್ಟಿ ಕಣಮ್ಮ. ಪೇಟೆಂಟ್‌ಗೆ ಅರ್ಜಿ ಹಾಕಿದೀವಿ."

"ನಮ್ಮಜ್ಜಿ ಬೆಳೆಸಿದ್ರಿ ಅದು."

"ತಂದಿದ್ದು ಹೇಗೆ ಅಂತ ನೆನಪಿದೆ ತಾನೇ?" ವಿಶ್ವಾಸ್ ದನಿ ಏರಿಸಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿದ: "ನಾನು ಒಂದು ಮಾತು ಹೇಳಿದ್ರೆ ನೀನು ಇಲ್ಲಿರಲ್ಲ. ಶನಿವಾರ ನಮ್ಮ ಫ್ರಿಸ್ಕೋ ಮನೆಗೆ ಇನ್ವೆಸ್ಟರ್ಸ್ ಬರ್ತಾರೆ. ಹಸಿ ತೆನೆ ತಗೊಂಡು ಬಾ. ನಗ್ತಾ ಇರು."

ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವಳು ಸಿಕ್ಕಿಬಿದ್ದಳು.

ಶನಿವಾರ ತೆನೆ ತರಲು ಶೀತಲ ಕೋಣೆಗೆ ಹೋದಳು. ಚೀಲ ತೊಡಿಸಿ, ಬೆರಕೆಯಾಗದಂತೆ ತಾನೇ ಬೆಳೆಸಿದ ಗುರವ್ವನ ಅಸಲಿ ಬೀಜದ ಡಬ್ಬಿ ಅಲ್ಲೇ ಇತ್ತು. ಬೆನ್ನಿಗೆ ಯಾರದೋ ಉಸಿರು ತಾಗಿದಂತಾಯಿತು. ತಂಬಾಕಿನ ವಾಸನೆ, ಮುದುಕಿಯದೇ. ವಸಂತಾ ಅಳುತ್ತಲೇ ಡಬ್ಬಿಯನ್ನು ತೆನೆಗಳ ಕೆಳಗೆ ಇಟ್ಟುಕೊಂಡಳು. ಡಲ್ಲಾಸ್ ಬಳಿಯ ಫ್ರಿಸ್ಕೋಗೆ ಹೋಗುವ ದಾರಿಯುದ್ದಕ್ಕೂ ಹಿಂದಿನ ಸೀಟಿನ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಫ್ರಿಸ್ಕೋದ ಹಿತ್ತಿಲಲ್ಲಿ ಗ್ರಿಲ್ ಹೊತ್ತಿಸಿದ್ದರು. ವಸಂತಾ ಸುಟ್ಟು ತಿಕ್ಕಿ ಕೊಟ್ಟ ಸೀತನಿಯನ್ನು ಜನ ಮುಕ್ಕಿ ಮುಕ್ಕಿ ತಿಂದರು. "ಇದು ನಮ್ಮ ಕಂಪನಿಯ ಆವಿಷ್ಕಾರ. ಪ್ರತಿ ಸಲ ಬಿತ್ತೋಕೂ ಬೀಜ ನಮ್ಮಲ್ಲೇ ಕೊಳ್ಬೇಕು. ಬೆಳೆದ ಕಾಳನ್ನ ಮತ್ತೆ ಬಿತ್ತಿದ್ರೆ ಒಂದೊಂದು ಗಿಡ ಒಂದೊಂದು ಥರ!" ಎಂದ ವಿಶ್ವಾಸ್. ಚಪ್ಪಾಳೆ ಬಿತ್ತು.

ಹೆಂಗಸರು ಹೊರಡುವಾಗ ವಿಶ್ವಾಸನ ಹೆಂಡತಿ ಅನಘಾ ಧಾರವಾಡದ ಇಂದುಮತಿಯವರನ್ನು ಕರೆದಳು. "ಆಂಟಿ, ನೀವೇ ಹಿರಿಯರು, ಎಲ್ರಿಗೂ ಮಡಿಲು ತುಂಬಿಬಿಡಿ. ವಸಂತಾ, ಅಕ್ಕಿ ತಟ್ಟೆ ತಂದ್ಕೊಡು."

ವಸಂತಾ ಅಡುಗೆಮನೆಗೆ ಹೋದಳು. ಅಕ್ಕಿಯನ್ನು ಮುಟ್ಟಲಿಲ್ಲ. ಡಬ್ಬಿಯನ್ನೇ ತಟ್ಟೆಗೆ ಸುರಿದಳು.

ಇಂದುಮತಿ ತಟ್ಟೆ ನೋಡಿದರು. "ಜ್ವಾಳ ಐತಲ್ಲ ಇದು?"

"ಹೌದ್ರಿ. ನಮ್ಮ ಗುರವ್ವಜ್ಜಿ ಸೀತನಿ ಬೀಜರಿ." ವಸಂತಾ ತಟ್ಟೆಯನ್ನು ಮುಂದೆ ಹಿಡಿದಳು. "ಈಗ ತಿಂದ್ರಲ್ಲ, ಆ ಸಿಹಿ ಆಕಿದು. ಊರಾಗ ಬೀಜ ಅಳಿದು ಹೋಗೇತಿ. ಕೇಳಿದ್ರ ಇವರು ಒಂದು ಹಿಡಿ ಕೊಡಲಿಲ್ಲ. ಇದನ್ನ ಬಿತ್ತಿದ್ರ ಹುಟ್ಟತೈತಿ, ಮತ್ತ ಬಿತ್ತಿದ್ರ ಮತ್ತ ಹಂಗ ಹುಟ್ಟತೈತಿ. ಮಂದಿಗೆ ಹಂಚ್ರಿ."

ಇಂದುಮತಿ ಒಂದು ಹಿಡಿ ತುಂಬಿ ಮೊದಲ ಹೆಂಗಸಿನ ಸೆರಗಿಗೆ ಸುರಿದರು. ಎರಡನೆಯವಳು ತಾನೇ ಮುಂದೆ ಬಂದಳು. ಸೀರೆ ಉಡದವರು ದುಪಟ್ಟಾ ಹರವಿದರು. ಇಂದುಮತಿ ಕೊನೆಗೆ ತಮ್ಮ ಸೆರಗಿಗೂ ಹಾಕಿಕೊಂಡು ಗಂಟು ಬಿಗಿದರು. "ಬರೋ ತಿಂಗಳ ಧಾರವಾಡಕ್ಕ ಹೊಂಟೀನಿ. ನಿಮ್ಮೂರಿಗೆ ಹೆಂಗ ಮುಟ್ಟಸಬೇಕು ಅಂತ ಅಲ್ಲೇ ನಾಕು ಮಂದಿನ್ನ ಕೇಳ್ತೀನಿ."

ವಿಶ್ವಾಸ್ ಓಡಿ ಬಂದ. ಮುಖ ಬೂದಿಯಾಗಿತ್ತು. "ವಸಂತಾ, ನಿನ್ನ ಕತೆ ಮುಗೀತು! ಮೇಡಂ, ಅದು ಕಂಪನಿದು, ದಯವಿಟ್ಟು ವಾಪಸ್ ಕೊಡಿ."

ಅವನು ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಬೀಜವೆಲ್ಲ ಹೆಂಗಸರ ಸೆರಗಿನಲ್ಲಿತ್ತು. ನಾಲ್ಕು ಜನರೆದುರು ಅಲ್ಲಿಗೆ ಕೈ ಹಾಕುವುದು ಹೇಗೆ?

ಕೆಲಸ ಹೋಯಿತು, ಈ ದೇಶವೂ ಹೋಯಿತು ಎಂದು ವಸಂತಾಳಿಗೆ ತಿಳಿಯಿತು. ತಟ್ಟೆಯಲ್ಲಿ ಇನ್ನೊಂದು ಹಿಡಿ ಉಳಿದಿತ್ತು. ಅನಘಾ ಗಂಡನ ಕಡೆ ಒಮ್ಮೆ ನೋಡಿದಳು. ಅವನನ್ನು ದಾಟಿ ಬಂದು ತನ್ನ ಸೆರಗು ಒಡ್ಡಿದಳು.

"ನನಗೂ ಹಾಕಿ, ಆಂಟಿ."