ಏಣಿಯಣ್ಣ ಕಂಡ ಹಡಗು

ಅವನು ಬಿದ್ದ ಮೇಲೂ ಚಿತ್ರ ನಿಲ್ಲಿಸಲಿಲ್ಲ. ದೈತ್ಯ ತೆರೆಯ ಮುಂದೆ ಜನ ಕೂತಿದ್ದರು. ತೆರೆಯ ಹಿಂದೆ ಅವನು ಬಿದ್ದಿದ್ದ. ಚಿತ್ರ ಮುಗಿಯಿತು, ಜನ ಚಪ್ಪಾಳೆ ತಟ್ಟಿದರು, ಆಮೇಲೆ ಆಂಬುಲೆನ್ಸಿಗೆ ಫೋನು ಹೋಯಿತು.

ತಂಗಿ ಈಗ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಕತ್ತಿನ ಗುಂಡಿಗೆ ಬಂದಾಗ ಕೈ ತಡೆಯಿತು. ಬದುಕಿದ್ದಾಗ ಅವನು ಆ ಗುಂಡಿ ಹಾಕಿದವನೇ ಅಲ್ಲ. ಉಸಿರು ಕಟ್ಟುತ್ತದೆ ಅನ್ನುತ್ತಿದ್ದ. ಹಾಗೇ ಬಿಟ್ಟಳು. ಮುಂದಿನ ಕೋಣೆಯ ಮಂಚವನ್ನು ಗೋಡೆಗೆ ಸರಿಸಿ, ಎರಡು ಸ್ಟೂಲುಗಳ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಬಂದವರು ಒಬ್ಬರ ಹಿಂದೊಬ್ಬರು ಒಳಗೆ ಬಂದು, ಮುಖ ನೋಡಿ, ಎಂಥ ಮನುಷ್ಯ ಎಂದು ಲೊಚಗುಟ್ಟಿ, ಹೊರಗಿನ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದರು. ಮೆಟ್ಟಿಲಿಗೆ ಹೋದ ಮೇಲೆ ಮಾತು ಬೇರೆ.

ಆ ಮಾತು ಕಿಟಕಿಯಿಂದ ಒಳಗೆ ಬರುತ್ತಿತ್ತು. ಥಿಯೇಟರಿನ ಮ್ಯಾನೇಜರು ಹುಟ್ಟಿಸಿದ ಕತೆ, ಕೈಕಾಲು ಮೂಡಿಸಿಕೊಂಡು ಮನೆತನಕ ನಡೆದು ಬಂದಿತ್ತು. ಅವತ್ತು ಬೆಳಿಗ್ಗೆ, ಆಟ ಶುರುವಾಗುವ ಮೊದಲೇ, ಕುಡಿದು, ಯಾರೂ ಹೇಳದೆಯೇ ಏಣಿ ಹತ್ತಿದನಂತೆ; ಬಿದ್ದನಂತೆ.

"ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದ ಸೋದರಮಾವ. "ಒಂಚೂರು ಹಾಕ್ಕೊಂಡಿರ್ತಾನೆ, ಪಾಪ."

"ನಿನ್ನ ಮೂಗಿನ ಕೆಳಗೇ ಸದಾ ಅದೇ ವಾಸ್ನೆ. ಲೋಕಾನೇ ಹಾಗೆ ಅನ್ಸುತ್ತೆ ನಿಂಗೆ," ಎಂದಳು ಪಕ್ಕದ ಮನೆಯ ದರ್ಜಿ ಹೆಂಗಸು.

ಯಾರೋ ನಗು ನುಂಗಿಕೊಂಡರು. ನಿಜ ಗೊತ್ತಿದ್ದ, ಥಿಯೇಟರಿನಲ್ಲಿ ಚಿತ್ರ ಓಡಿಸುವ ಆಪರೇಟರು ಮಾತ್ರ ಬಗ್ಗಿ ಚಪ್ಪಲಿಯ ಬಾರನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ ಕೂತಿದ್ದ.

*

ಆ ಥಿಯೇಟರಿನ ತೆರೆ ಅಂತಸ್ತಿನ ಮೇಲೆ ಅಂತಸ್ತು ಪೇರಿಸಿದ ಕಟ್ಟಡದಷ್ಟು ಎತ್ತರ. ಅದರ ತುಂಬ ಜರಡಿಯಂತೆ ಸಣ್ಣ ಸಣ್ಣ ತೂತು, ಹಿಂದಿನ ಸ್ಪೀಕರುಗಳ ಸದ್ದು ಮುಂದಕ್ಕೆ ಬರಲಿ ಅಂತ. ಆ ಸ್ಪೀಕರುಗಳ ಧೂಳು ಒರೆಸುವುದು, ಸಡಿಲಾದ ತಂತಿ ಬಿಗಿಯುವುದು ಅಣ್ಣನ ಕೆಲಸ. ಅದಕ್ಕೇ ಎಲ್ಲರಿಗೂ ಅವನು ಏಣಿಯಣ್ಣ. ದಿನವಿಡೀ ಆಕಾಶಕ್ಕೆ ಹತ್ತಿ ಇಳಿಯುತ್ತಿದ್ದವನು ಮನೆಗೆ ಬಂದರೆ ಸ್ಟೂಲು ಕೂಡ ಹತ್ತುತ್ತಿರಲಿಲ್ಲ; ಬಲ್ಬು ಹೋದರೆ ಅತ್ತಿಗೆಯೇ ಹಾಕಬೇಕು, ಅವನು ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡು ಹುಷಾರು, ಹುಷಾರು ಎನ್ನುವನು. ತಂಗಿಯದು ತೆರೆಯ ಮುಂದಿನ ಕೆಲಸ. ಟಿಕೆಟ್ ಹರಿಯುವುದು, ಟಾರ್ಚು ಹಿಡಿದು ಕೂರಿಸುವುದು, ಮೈಕಿನಲ್ಲಿ ಸ್ವಾಗತ ಹೇಳುವುದು.

ಅಲ್ಲಿ ಓಡುತ್ತಿದ್ದದ್ದು ಒಂದೇ ಚಿತ್ರ. ಕಡಲ ತಳದಲ್ಲಿ ಮುಳುಗಿ ಕೂತ ಆ ಹೆಸರಾಂತ ಹಡಗನ್ನು ಹುಡುಕಿಕೊಂಡು ಇಳಿದವರ ಸಾಕ್ಷ್ಯಚಿತ್ರ. ಅಣ್ಣ ಅದನ್ನು ಮುಂದಿನಿಂದ ಒಮ್ಮೆಯೂ ನೋಡಲಿಲ್ಲ. ಹಿಂದಿನಿಂದ, ತೂತುಗಳಲ್ಲಿ ಸೋಸಿ ಬಂದ ಬೆಳಕಿನಲ್ಲಿ, ತಿರುವುಮುರುವಾಗಿ ನೋಡಿದ್ದ.

"ಹಡಗಿನ ಮೂತಿ ಎಡಕ್ಕಿದೆ," ಎನ್ನುವನು ಊಟದ ಹೊತ್ತಿನಲ್ಲಿ.

"ಬಲಕ್ಕೆ ಕಣೋ. ದಿನಾ ನೋಡ್ತೀನಿ."

"ನೀನು ನೋಡೋದು ಟಿಕೆಟ್ ಕೊಟ್ಟೋರ ಹಡಗು. ನನ್ ಹಡಗೇ ಬೇರೆ."

ಒಮ್ಮೆ ಅವನೇ ಮಾತು ತೆಗೆದಿದ್ದ. ದೊಡ್ಡವರು ಇಳಿದು ಬರುತ್ತಿದ್ದ ಮೆಟ್ಟಿಲು ತೋರಿಸುತ್ತಾರೆ, ದೊಡ್ಡವರು ಉಂಡ ತಟ್ಟೆ ತೋರಿಸುತ್ತಾರೆ, ಸತ್ತವರಲ್ಲೂ ಹೆಸರಿದ್ದವರ ಹೆಸರನ್ನೇ ಹೇಳುತ್ತಾರೆ. ತಳದಲ್ಲಿ ನಿಂತು ಒಲೆಗೆ ಕಲ್ಲಿದ್ದಲು ಎಸೆದವರು ಯಾಕೆ ಎಲ್ಲೂ ಕಾಣಿಸುವುದಿಲ್ಲ ಎಂದು. ಹಾಗೆಂದವನೇ ಊಟದ ಡಬ್ಬಿ ಮುಚ್ಚುತ್ತ ಎದ್ದಿದ್ದ. "ನೀರಲ್ಲಿ ಬೆವರು ಕಾಣ್ಸಲ್ಲ ಬಿಡು."

*

ಪೆಟ್ಟಿಗೆ ಎತ್ತುವ ಮೊದಲು ಅತ್ತಿಗೆ ತಂಗಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಅತ್ತು ಅತ್ತು ಅತ್ತಿಗೆಯ ದನಿ ಗೊಗ್ಗರಾಗಿತ್ತು.

"ಕುಡಿದಿದ್ರಾ?"

ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳೇ ಕೇಳುವಂತಾಯಿತಲ್ಲ ಅನ್ನಿಸಿತು ತಂಗಿಗೆ. ಇನ್ನು ಬೀದಿಯವರದ್ದೇನು ತಪ್ಪು?

*

ಅದು ಮಧ್ಯಾಹ್ನದ ಆಟ. ಮೇಲಿನ ಸ್ಪೀಕರೊಂದು ಗುಂಯ್‌ಗುಡುತ್ತಿದೆ ಎಂದು ಚಿತ್ರ ಓಡುತ್ತಿರುವಾಗಲೇ ಮ್ಯಾನೇಜರು ಅಣ್ಣನನ್ನು ಹತ್ತಿಸಿದ. ಆಟ ಮುಗಿಯಲಿ, ಕತ್ತಲಲ್ಲಿ ಕೈ ಕಾಣಿಸುವುದಿಲ್ಲ ಎಂದ ಅಣ್ಣ. ಮೌನದ ಜಾಗ ಬರುವುದರೊಳಗೆ ಸರಿಹೋಗಬೇಕು ಎಂದ ಮ್ಯಾನೇಜರು.

ಚಿತ್ರದಲ್ಲಿ ಅಂಥದೊಂದು ಜಾಗವಿತ್ತು. ಪುಟ್ಟ ಜಲಾಂತರ್ಗಾಮಿಯ ದೀಪ ಹಡಗಿನ ಊಟದ ಕೋಣೆಯೊಳಗೆ ಬೀಳುತ್ತದೆ, ಸಂಗೀತ ನಿಲ್ಲುತ್ತದೆ, ಹಾಲ್ ತುಂಬ ಜನ ತಮ್ಮ ಉಸಿರನ್ನೇ ಕೇಳುತ್ತ ಕೂರುತ್ತಾರೆ. ಆ ಮೌನದಲ್ಲಿ ದೊಪ್ಪೆಂದು ಸದ್ದಾಯಿತು. ಜನ ಚಿತ್ರದ್ದೇ ಸದ್ದೆಂದು ಬೆಚ್ಚಿದರು. ಯಾರೋ ಪಕ್ಕದವರ ತೋಳು ಹಿಡಿದು ಕಿಸಕ್ಕೆಂದರು. ಅಲ್ಲಿ ಸದ್ದೇ ಇಲ್ಲವೆಂದು ಗೊತ್ತಿದ್ದದ್ದು ಬಾಗಿಲಲ್ಲಿದ್ದ ತಂಗಿಗೆ, ಕ್ಯಾಬಿನ್ನಿನಲ್ಲಿದ್ದ ಆಪರೇಟರಿಗೆ, ಮತ್ತೆ ಮ್ಯಾನೇಜರಿಗೆ.

ತಂಗಿ ಮ್ಯಾನೇಜರ ಹತ್ತಿರ ಓಡಿಹೋಗಿ, ನಿಲ್ಲಿಸಿ ಎಂದಳು. ಹಾಲ್ ತುಂಬ ಶಾಲೆ ಮಕ್ಕಳಿದ್ದಾರೆ, ಗಾಬರಿಬಿದ್ದರೆ ತುಳಿದಾಟ ಆಗುತ್ತದೆ, ಇನ್ನೇನು ಮುಗಿಯಿತು ಎಂದ. ಕೆಲಸದವರ ಫೋನುಗಳೆಲ್ಲ ಆಟದ ಹೊತ್ತಿನಲ್ಲಿ ಅವನ ಮೇಜಿನ ಖಾನೆಯಲ್ಲಿ ಬೀಗದೊಳಗೆ. ನಾನೇ ಆಂಬುಲೆನ್ಸಿಗೆ ಹೇಳುತ್ತೇನೆ, ನೀನು ಹೋಗಿ ನೋಡು ಎಂದ.

ತೆರೆಯ ಹಿಂದೆ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಿರುಗಿದ ಹಡಗು ಅವನ ಮುಖದ ಮೇಲೆ ಮೆಲ್ಲಗೆ ಹಾದುಹೋಗುತ್ತಿತ್ತು. ಆಚೆ ಬದಿಯಲ್ಲಿ ಜನ ಯಾವ ಕಾಲದಲ್ಲೋ ಸತ್ತವರಿಗಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಆಗ ಅವನಿಗೆ ಇನ್ನೂ ಉಸಿರಿತ್ತು. ಚಪ್ಪಾಳೆ ಬೀಳುವಾಗ ಇರಲಿಲ್ಲ.

*

"ಇಲ್ಲ ಅತ್ತಿಗೆ. ಅವನ ಬಾಯಿ ನನ್ನ ಮುಖದ ಹತ್ರಾನೇ ಇತ್ತು. ಧೂಳಿನ ವಾಸ್ನೆ ಬಿಟ್ರೆ ಏನೂ ಇರ್ಲಿಲ್ಲ." ಉಳಿದದ್ದನ್ನೂ ಒಂದನ್ನೂ ಬಿಡದೆ ಹೇಳಿದಳು.

ಅತ್ತಿಗೆ ಅಳಲಿಲ್ಲ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ತಿರುಗದೆಯೇ ಕೇಳಿದಳು. "ಇದನ್ನ ಅಡುಗೆಮನೇಲಿ ಹೇಳಿದ್ರೆ ಯಾರಿಗೆ ಕೇಳ್ಸುತ್ತೆ?"

ಸ್ಮಶಾನಕ್ಕೆ ಮ್ಯಾನೇಜರು ಹೂವಿನ ಚಕ್ರ ಹಿಡಿದು ಬಂದಿದ್ದ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುವ ಹಾಗೆ ಏಣಿಯಣ್ಣನನ್ನು ಹೊಗಳಿದ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಚದುರಿದ ಮೇಲೆ ತಂಗಿಯನ್ನು ಬೇಲಿಯ ಹತ್ತಿರ ಕರೆದ.

"ನಾಲ್ಕು ಗಂಟೆ ಆಟಕ್ಕೆ ಬಂದ್ಬಿಡಮ್ಮ. ಮೈಕ್ ಹಿಡಿಯೋಕೆ ಬೇರೆ ಯಾರೂ ಇಲ್ಲ. ಸ್ವಾಗತ ಹೇಳು, ಬಾಗ್ಲು ಎಲ್ಲೆಲ್ಲಿದೆ ತೋರ್ಸು, ಸಾಕು. ಹಿಂದಿನ ದೀಪ ಮಾತ್ರ ಹಾಕ್ಬೇಡ."

ಪ್ರತಿ ಆಟಕ್ಕೂ ಮೊದಲು ತೆರೆಯ ಹಿಂದಿನ ದೀಪ ಹಾಕಿ ತೋರಿಸುವುದು ಅಲ್ಲಿಯ ರೂಢಿ. ದೀಪ ಹತ್ತಿದೊಡನೆ ತೆರೆಯೇ ಕರಗಿಹೋಗಿ ಹಿಂದಿನ ಕಬ್ಬಿಣದ ಚೌಕಟ್ಟು, ಸ್ಪೀಕರುಗಳ ಸಾಲು ಎಲ್ಲ ಕಾಣುತ್ತಿತ್ತು. ಜನಕ್ಕೆ ಅದೊಂದು ಮೋಜು.

"ಮತ್ತೆ, ಯಾರಾದ್ರೂ ಕೇಳಿದ್ರೆ ಬೆಳಿಗ್ಗೇನೇ ಬಿದ್ದ ಅನ್ನು," ಎಂದ. "ಸತ್ತೋನ ಹೆಸ್ರು ಬೀದಿಗೆ ಬೀಳೋದು ಬೇಡ."

"ಬರ್ತೀನಿ," ಎಂದಳು.

ನಾಲ್ಕರ ಆಟಕ್ಕೆ ಹಾಲ್ ತುಂಬಿತ್ತು. ಮೈಕು ಹಿಡಿದ ಬೆರಳುಗಳ ಉಗುರಿನ ಸಂದಿಯಲ್ಲಿ ಮಣ್ಣು ಇನ್ನೂ ಇತ್ತು. ಸ್ವಾಗತ ಹೇಳಿದಳು. ಬಾಗಿಲು ತೋರಿಸಿದಳು. ತಲೆ ಸುತ್ತಿದರೆ ಕಣ್ಣು ಮುಚ್ಚಿಕೊಳ್ಳಿ ಎಂದಳು. ಮ್ಯಾನೇಜರು ಹಿಂದಿನ ಬಾಗಿಲಲ್ಲಿ ನಿಂತು, ಸಾಕು ಎಂಬಂತೆ ಕೈಯೆತ್ತಿದ. ಅವಳು ಗೋಡೆಯ ಸ್ವಿಚ್ಚು ಒತ್ತಿದಳು.

ತೆರೆ ಕರಗಿತು. ನೆಲ ಒರೆಸಿದ್ದರು, ಏಣಿ ಸಾಗಿಸಿದ್ದರು. ಆದರೆ ಮೇಲೆ, ತೀರಾ ಮೇಲೆ, ಕೊನೆಯ ಸ್ಪೀಕರಿನ ಅಂಚಿಗೆ ಸಿಕ್ಕಿಕೊಂಡು ಒಂದು ಒರೆಸುವ ಬಟ್ಟೆ ನೇತಾಡುತ್ತಿತ್ತು. ಅಲ್ಲಿತನಕ ಹತ್ತುವವನು ಅವನೊಬ್ಬನೇ ಇದ್ದದ್ದು.

"ಆ ಬಟ್ಟೆ ನನ್ನಣ್ಣಂದು," ಎಂದಳು ಮೈಕಿನಲ್ಲಿ. "ಈ ಚಿತ್ರ ಓಡ್ತಾ ಇದ್ದಾಗ ಅಲ್ಲಿಂದ ಬಿದ್ದ. ಕುಡಿದಿರ್ಲಿಲ್ಲ. ಹತ್ತು ಅಂದದ್ದು ಮ್ಯಾನೇಜರು. ಚಿತ್ರ ನಿಲ್ಲಿಸ್ಲಿಲ್ಲ. ಜನ ಚಪ್ಪಾಳೆ ಹೊಡೆಯೋ ತನಕ ಫೋನೂ ಮಾಡ್ಲಿಲ್ಲ. ಇವತ್ತು ಮಣ್ಣು ಮಾಡಿ ಬಂದೆ."

ಮ್ಯಾನೇಜರು ಮೆಟ್ಟಿಲಿಳಿದು ಬಂದ. ಜನ ನೋಡುತ್ತಿದ್ದುದರಿಂದ ದನಿ ಏರಿಸಲಿಲ್ಲ. ದೀಪ ಆರಿಸು ಎಂದ. ಹತ್ತಿರ ಬಂದು, ಹಲ್ಲು ಕಚ್ಚಿಕೊಂಡು, ಇನ್ನೊಮ್ಮೆ ಹೇಳಿದ.

ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

"ಆರಿಸಲ್ಲ."

ಎಸಿಯ ಗಾಳಿಗೆ ಬಟ್ಟೆ ಅತ್ತಿಂದಿತ್ತ ತೂಗಿತು. ಹಾಲ್ ತುಂಬ ಜನ ಕತ್ತೆತ್ತಿ ಅದನ್ನೇ ನೋಡುತ್ತಿದ್ದರು.