ನೀರು ನಿಂತ ಗೆರೆ

ಬಸ್ಸಿನ ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿದೆ, ಮೇಲೂ ಏರದು ಕೆಳಗೂ ಇಳಿಯದು, ಅದರ ಕಪ್ಪು ರಬ್ಬರಿನ ಅಂಚು ಸಿದ್ಧಕಟ್ಟೆ ಸ್ಟಾಪಿನಲ್ಲಿ ನಿಂತವರ ಮುಖಗಳನ್ನು ಸರಿಯಾಗಿ ತುಟಿಯ ಹತ್ತಿರ ಕತ್ತರಿಸುತ್ತಿದೆ, ಅಂಚಿನ ಮೇಲೆ ಕಣ್ಣು, ಮೂಗು, ಕೆಳಗೆ ಬರೀ ಮಬ್ಬು — ಜಲಜಾಕ್ಷಿ ನೋಟ ತಿರುಗಿಸಿ ತೊಡೆಯ ಮೇಲಿನ ಚೀಲವನ್ನು ಒತ್ತಿ ಹಿಡಿದಳು, ಮೈ ಒರೆಸುವ ಬೈರಾಸಿನಲ್ಲಿ ಸುತ್ತಿದ ಫೋಟೊದ ಮೂಲೆ ಹೊಟ್ಟೆಗೆ ಚುಚ್ಚುತ್ತಿದೆ, ಚುಚ್ಚಲಿ. ಇವತ್ತು ಮೂಡುಬಿದಿರೆಯ ವಿಮಾ ಕಚೇರಿಗೆ ಏನಾದರೂ ಸಾಕ್ಷಿ ತೋರಿಸದಿದ್ದರೆ ಕ್ಲೇಮ್ ಮುಚ್ಚುತ್ತಾರೆ, ಮುಚ್ಚಿದರೆ ಹೊಲಿಗೆ ಯಂತ್ರ ಇಲ್ಲ, ಯಂತ್ರ ಇಲ್ಲದೆ ಬಂಟ್ವಾಳ ಪೇಟೆಯ ಆ ಕೋಣೆ ಇಟ್ಟುಕೊಂಡು ಏನು ಮಾಡುವುದು, ಬರಿಗೋಡೆ ನೋಡುತ್ತ ಕೂರುವುದೇ. ಆಟಿ ತಿಂಗಳ ಮಳೆಗೆ ನೇತ್ರಾವತಿ ಏರಿ ಅಂಗಡಿಯೊಳಗೆ ಬಂದದ್ದು ಇಡೀ ಪೇಟೆಗೆ ಗೊತ್ತು, ಆದರೆ ಗೊತ್ತಿರುವುದು ಬೇರೆ, ಸಾಕ್ಷಿ ಬೇರೆ. ಸರ್ವೇಯರ್ ತರುಣ್ ಒಳ್ಳೆಯ ಹುಡುಗ, ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಬಂದ, ನೆಲ ಅಷ್ಟು ಚೊಕ್ಕ ಇತ್ತು, ಗೋಡೆಗೆ ಕೈ ಸವರಿ ಬೆರಳು ನೋಡಿಕೊಂಡ, ನನಗೆ ನಂಬಿಕೆ ಉಂಟು ಅಕ್ಕ, ಫೈಲಿಗೆ ನಂಬಿಕೆ ಸಾಲುವುದಿಲ್ಲ, ನೀರು ಎಲ್ಲಿವರೆಗೆ ಬಂತು ಅಂತ ಗುರುತು ಬೇಕು, ಹಾಳಾದ ಸಾಮಾನು ಬೇಕು, ಒಂದು ಫೋಟೊ ಆದರೂ ಬೇಕು. ಅವಳ ಫೋನಿನಲ್ಲಿ ಗುಂಡಿ ಒತ್ತಿದರೆ ಮಾತು ಬರುತ್ತದೆ, ಚಿತ್ರ ಬರುವುದಿಲ್ಲ. ತಾಲೂಕು ಕಚೇರಿಯ ಪತ್ರದಲ್ಲಿ ಪೇಟೆಗೆ ನೆರೆ ಬಂದಿತ್ತು ಎಂದಿದೆ, ಅವಳ ಬಾಗಿಲಿಗೆ ಬಂದಿತ್ತು ಎಂದಿಲ್ಲ. ಪಕ್ಕದ ಹಾರ್ಡ್‌ವೇರ್ ಅಂಗಡಿಯ ಕುಶಾಲಪ್ಪನಿಗೆ ಮಂಜೂರಾಗಿದೆ, ಅವನು ಒಂದು ವಾರ ಪೊರಕೆ ಮುಟ್ಟಲಿಲ್ಲ, ಕೆಸರಿನ ನಡುವೆ ಕುರ್ಚಿ ಹಾಕಿ ಕೂತು ಬಂದವರಿಗೆಲ್ಲ ಗೋಡೆ ತೋರಿಸಿದ, ನಿಮ್ಮ ಅಂಗಡಿ ನೋಡಿದರೆ ನೆರೆ ನಿಮ್ಮ ಹತ್ತಿರ ಪರ್ಮಿಶನ್ ಕೇಳಿ ಆಚೆಯಿಂದ ಹೋದ ಹಾಗೆ ಉಂಟು ಜಲಜಕ್ಕ. ಅವಳೂ ನಕ್ಕಿದ್ದಳು. ನಗದೆ ಏನು ಮಾಡುವುದು, ನದಿಯ ಬದಿಯಲ್ಲಿ ಬದುಕುವವರು ಕಲಿಯುವ ಮೊದಲ ಪಾಠವೇ ತೊಳೆಯುವುದು, ನೀರು ಇಳಿಯುವಾಗಲೇ ತೊಳೆಯಬೇಕು, ಮೊಣಕಾಲಿಗೆ ಬಂದಾಗ ಒಳಗೆ ಹೋಗಿ, ಅದೇ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಗೋಡೆಗೆ ಹೊಡೆದು, ಹಿಡಿಸೂಡಿ ಪೊರಕೆಯಲ್ಲಿ ಉಜ್ಜಿ, ಕೆಸರನ್ನು ಹೋಗುವ ನೀರಿನ ಜೊತೆಗೇ ನೂಕಬೇಕು, ನೀರು ಹೋಗಿ ಕೆಸರು ಒಣಗಿತೋ ಸಿಮೆಂಟು, ಮತ್ತೆ ಹಾರೆ ಬೇಕು. ಮೈಮೂನಮ್ಮ ಹೇಳಿಕೊಟ್ಟದ್ದು. ನೀರು ತಂದದ್ದನ್ನು ನೀರೇ ಕೊಂಡುಹೋಗಲಿ ಜಲಜಾ, ನಮಗೆ ಯಾಕೆ ಅದರ ಬಾಕಿ. ಪಾಣೆಮಂಗಳೂರಿನ ಹೊಳೆಬದಿಯಲ್ಲಿ ಹುಟ್ಟಿದವಳು, ಇಪ್ಪತ್ತು ವರ್ಷ ಅವಳದೊಂದು ಯಂತ್ರ ಇವಳದೊಂದು ಯಂತ್ರ ಎದುರುಬದುರು, ಇವಳು ರವಿಕೆ ಕತ್ತರಿಸಿದರೆ ಅವಳು ಗುಂಡಿಯ ಕಾಜ, ಅವಳ ನಮಾಜಿನ ಹೊತ್ತಿಗೆ ಇವಳು ರೇಡಿಯೊ ಸಣ್ಣ ಮಾಡುವುದು, ಹಿಂದಿನ ನೆರೆಯಲ್ಲಿ ಇಬ್ಬರೂ ಸೀರೆ ಎತ್ತಿ ಕಟ್ಟಿ ತೊಳೆದದ್ದು, ಜಾರಿ ಬಿದ್ದದ್ದು ಯಾರು, ಮೈಮೂನಮ್ಮ, ಬಿದ್ದಲ್ಲೇ ಕೂತು ನಕ್ಕದ್ದೂ ಅವಳೇ. ಕಳೆದ ರಂಜಾನಿನಲ್ಲಿ ವಿಟ್ಲದ ಮಗಳ ಮನೆಯಲ್ಲಿ ತೀರಿಹೋದಳು. ಈ ಸಲ ಹಿಡಿಸೂಡಿ ಒಂದೇ. ನೆನೆದ ಬಟ್ಟೆಯ ಕಟ್ಟುಗಳನ್ನು ಒಬ್ಬಳೇ ಎಳೆದು ಹೊಳೆಗೆ ನೂಕಿದಳು, ತುಕ್ಕು ನೀರು ಕಾರುತ್ತಿದ್ದ ಎರಡೂ ಯಂತ್ರಗಳನ್ನು ಮರುದಿನ ಗುಜರಿಯ ಉನೈಸ್ ಎತ್ತಿಕೊಂಡು ಹೋದ, ನೆಲ ಕನ್ನಡಿ, ಗೋಡೆ ಕನ್ನಡಿ, ಹೇಗೆ ತೊಳೆದಿದ್ದೇನೆ ನೋಡು ಎನ್ನಲು ತಿರುಗಿದರೆ ಯಾರೂ ಇಲ್ಲ. ಆಗ ಕಂಡದ್ದು ಮೊಳೆಯಲ್ಲಿ ನೇತಾಡುತ್ತಿದ್ದ ಈ ಫೋಟೊ. ಅಂಗಡಿ ತೆರೆದ ದಿನದ್ದು, ಇಬ್ಬರೂ ಯಂತ್ರಗಳ ಹಿಂದೆ ನಿಂತದ್ದು, ಚಿತ್ರ ಎಂದರೆ ಸೆರಗು ಎಳೆದುಕೊಳ್ಳುತ್ತಿದ್ದ ಮೈಮೂನಮ್ಮ ಅದೊಂದು ದಿನ ಮಾತ್ರ ಮುಖ ಎತ್ತಿದ್ದಳು. ಗಾಜಿನ ಹೊರಗೆ ಸೆರಗಿನಿಂದ ಒರೆಸಿದಳು, ಹೊರಗಿನದು ಹೋಯಿತು, ಒಳಗಿನದು ಹೋಗಲಿಲ್ಲ, ಒಂದು ಕೆಂಪುಮಣ್ಣಿನ ಗೆರೆ, ಇವಳು ಎತ್ತರದವಳು, ಇವಳಿಗೆ ಭುಜದ ಹತ್ತಿರ, ಮೈಮೂನಮ್ಮನಿಗೆ ಸರಿಯಾಗಿ ತುಟಿಯ ಮೇಲೆ.

ಬೆಳುವಾಯಿ ಕಡೆಯ ಬಸ್ಸು ಎದುರಾಯಿತು, ಮೂಡುಬಿದಿರೆ ಬಂತೆಂದು ಕಂಡಕ್ಟರ್ ಕೂಗಿದ, ಕಾಲುಗಳು ತಾವಾಗಿ ಇಳಿದವು. ಬಿ.ಸಿ.ರೋಡಿನಲ್ಲಿ ಫೋಟೊಗೆ ಕಟ್ಟು ಹಾಕುವವನು ಹೇಳಿದ್ದ, ಬಿಚ್ಚಬೇಡಿ, ನೆನೆದ ಫೋಟೊ ಗಾಜಿಗೆ ಹಿಡಿದಿದೆ, ಬಿಚ್ಚಿದರೆ ಮುಖ ಗಾಜಿನ ಜೊತೆ ಬರುತ್ತದೆ, ಹಾಗೇ ಇಟ್ಟರೆ ನಿಮ್ಮ ಕಾಲಕ್ಕೆ ಸಾಕು. ಮನೆಯಲ್ಲಿ ಹಾಗೇ ಇತ್ತು, ಅಕ್ಕಿ ಡಬ್ಬದ ಮೇಲೆ, ಊಟಕ್ಕೆ ಕೂತರೆ ಎದುರು, ಮೊನ್ನೆ ತರುಣ್ ಖಾಲಿ ಮೊಳೆಯ ಎತ್ತರ ಅಳೆದು ಇಲ್ಲಿ ಏನಿತ್ತು ಎಂದು ಕೇಳದಿದ್ದರೆ ಈಗಲೂ ಅಲ್ಲೇ ಇರುತ್ತಿತ್ತು. ಕಚೇರಿಯಲ್ಲಿ ಅಕ್ಷಿತಾ ಎಂಬ ಅಧಿಕಾರಿ, ಕುಳಿತುಕೊಳ್ಳಿ ಅಮ್ಮ ಎಂದಳು, ತರುಣ್ ಬದಿಯಲ್ಲಿ ನಿಂತಿದ್ದ, ಬೈರಾಸು ಬಿಚ್ಚುವಾಗ ಅದರ ಹೊಗೆಯ ವಾಸನೆಗೆ ಜಲಜಾಕ್ಷಿಗೆ ನಾಚಿಕೆ. ಅಕ್ಷಿತಾ ಗೆರೆಯ ಮೇಲೆ ಬೆರಳು ಆಡಿಸಿದಳು, ಗುರುತು ಉಂಟು, ಆದರೆ ತಪ್ಪು ತಿಳಿಯಬೇಡಿ ಅಮ್ಮ, ಇದು ಗೋಡೆಯ ಹಳೆಯ ತಂಡಿಯ ಕಲೆ ಅಂತ ಮೇಲಿನವರು ಹೇಳಬಹುದು, ಒಳಗೆ ಕೆಸರು ಉಂಟಾ ಅಂತ ಬಿಚ್ಚಿ ನೋಡಬೇಕಾಗ್ತದೆ, ನೀವು ಬೇಡ ಅಂದರೆ ಬೇಡ. ಬೇಡ ಅಂದರೆ ಕ್ಲೇಮೂ ಬೇಡ ಎಂದು ಜಲಜಾಕ್ಷಿಗೆ ಅರ್ಥವಾಯಿತು. ಫ್ಯಾನು ತಿರುಗುತ್ತಿದೆ, ಅದರ ಕಟಕಟ ಹೊಲಿಗೆಯಂತೆ, ಎದುರಿನ ಯಂತ್ರದಿಂದ ಬರುತ್ತಿದ್ದಂತೆ, ಎದುರು ಯಾರು, ಯಂತ್ರ ಬಂದರೂ ಎದುರು ಯಾರು, ಆದರೂ ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ ಜಲಜಾ ಎಂದವಳು ಅವಳೇ ಅಲ್ಲವೇ — ಬಿಚ್ಚಿ, ಎಂದಳು ಜಲಜಾಕ್ಷಿ, ತನ್ನದೇ ಸ್ವರ, ದೂರದಿಂದ ಕೇಳಿತು. ತರುಣ್ ಕಟ್ಟಿನ ಹಿಂಬದಿಯ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದ, ರಟ್ಟು ತೆಗೆದ, ಮೂಲೆಯಲ್ಲಿ ಉಗುರು ಹಾಕಿ ಕಾಗದವನ್ನು ಮೆಲ್ಲ ಎತ್ತಿದ, ಬ್ಯಾಂಡೇಜು ಕೀಳುವ ಸದ್ದು, ಒಣಗಿದ ಮಣ್ಣು ಮೇಜಿನ ಮೇಲೆ ಉದುರಿತು. ನೀರು ಮುಟ್ಟಿದಲ್ಲಿವರೆಗೆ ಎಲ್ಲವೂ ಗಾಜಿಗೆ ಹೋಗಿತ್ತು, ಯಂತ್ರಗಳು, ಕೈಗಳು, ಹೊಸ ಸೀರೆ, ಗೆರೆಯ ಮೇಲಿನದು ಕಾಗದದಲ್ಲೇ ಉಳಿದಿತ್ತು, ಗೆರೆ ನೂಲು ಹಿಡಿದ ಹಾಗೆ. ಇದಕ್ಕಿಂತ ದೊಡ್ಡ ಪ್ರೂಫ್ ಬೇಡ ಅಮ್ಮ, ಮೊಳೆಯ ಎತ್ತರಕ್ಕೂ ಸರಿಯಾಗ್ತದೆ, ಅಕ್ಷಿತಾಳಿಗೆ ನಿಜವಾಗಿಯೂ ಸಂತೋಷ, ಮೊಬೈಲಿನಲ್ಲಿ ಚಿತ್ರ ತೆಗೆದಳು, ಇನ್ನೊಂದು ತೆಗೆದಳು, ಒರಿಜಿನಲ್ ಫೈಲಿನಲ್ಲಿ ಇರಬೇಕು ಎಂದಳು. ಕಾಗದದಲ್ಲಿ ಜಲಜಾಕ್ಷಿಯ ಮುಖ ಪೂರ್ತಿ ಇದೆ, ನಗುತ್ತಿದೆ, ಪಕ್ಕದಲ್ಲಿ ಗೆರೆ, ಗೆರೆಯ ಕೆಳಗೆ ಬಿಳಿ, ಬಾಯಿ ಇಲ್ಲ, ಮೇಲೆ ಎರಡು ಕಣ್ಣು, ಬರೀ ಎರಡು ಕಣ್ಣು.